ಒಳ್ಳೆಯ ಕೇಸು

ನಮ್ಮ ಫಿಸಿಯೋಥೆರಪಿ ಕಾಲೇಜಿನ ಮುಂಬಾಗಿಲು ದಾಟಿದರೆ ಎಡಗಡೆ ಗೋಡೆಯ ತುಂಬಾ ಅಧ್ಯಾಪಕರ ಫೋಟೋಗಳು. ಒಂದೊಂದು ಫೋಟೋದ ಕೆಳಗೂ ಎರಡು ಭಾಗ: ಓದು, ಅನುಭವ. ನಮ್ಮ ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ಡಾಕ್ಟರ್ ಉಮಾಮಹೇಶ್ವರ. ಅವರ ಓದೇ ಆರು ಸಾಲು ಹಿಡಿದಿದೆ. ಕರಾವಳಿಯಲ್ಲಿ ಬಿ.ಪಿ.ಟಿ., ಬೆಂಗಳೂರಿನಲ್ಲಿ ಎಂ.ಪಿ.ಟಿ., ಉತ್ತರದ ಕಡೆಯ ಒಂದು ವಿಶ್ವವಿದ್ಯಾಲಯದಿಂದ ಪಿಎಚ್.ಡಿ., ಅದರ ಹಿಂದೆ ಬಾಲದ ಹಾಗೆ ಸರ್ಟಿಫಿಕೇಟುಗಳು. ಅನುಭವದ ಕೆಳಗೆ ಇಪ್ಪತ್ತೆರಡು ವರ್ಷ ಎಂದಿದೆ. ಈ ಇಪ್ಪತ್ತೆರಡು ವರ್ಷದಲ್ಲಿ ಅವರು ರೋಗಿಯ ಮೈ ಮುಟ್ಟಿದ್ದು ವಿದ್ಯಾರ್ಥಿಗಳಿಗೆ ತೋರಿಸುವುದಕ್ಕೆ ಮಾತ್ರ. ತೋರಿಸುತ್ತಿದ್ದರು, ಕೈ ಒರೆಸಿಕೊಳ್ಳುತ್ತಿದ್ದರು, ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಅದೂ ಅನುಭವವೇ ಅಂತೆ. ನಿಯಮ ಹಾಗಿದೆಯಂತೆ.

ನನ್ನ ಫೋಟೋ ಕೆಳಗಿನ ಸಾಲಿನ ಮೂಲೆಯಲ್ಲಿದೆ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕ. ಸಮತಾ, ಎಂ.ಪಿ.ಟಿ., ಸಹಾಯಕ ಪ್ರಾಧ್ಯಾಪಕಿ. ಅನುಭವ: ಖಾಸಗಿ ಕ್ಲಿನಿಕ್, ಭದ್ರಾವತಿ. ಕ್ಲಿನಿಕ್ ಎಂದರೆ ಕಾಗದನಗರದ ಹತ್ತಿರ ಒಂದು ಮಳಿಗೆ, ಎರಡು ಮಂಚ, ಮಧ್ಯೆ ಒಂದು ಹಸಿರು ಪರದೆ. ಬೆನ್ನು ಹಿಡಿದವರು, ಯಂತ್ರಕ್ಕೆ ಬೆರಳು ಕೊಟ್ಟವರು, ಲಕ್ವ ಹೊಡೆದವರು ಎಲ್ಲರೂ ಬರುತ್ತಿದ್ದರು. ಎಲ್ಲಿ ನೋವು ಎಂದು ಕನ್ನಡದಲ್ಲಿ ಕೇಳಿದರೆ ಕೆಲವರು ತಮಿಳಿನಲ್ಲಿ ಹೇಳುತ್ತಿದ್ದರು, ಕೆಲವರು ತೆಲುಗಿನಲ್ಲಿ ನರಳುತ್ತಿದ್ದರು. ಕಾಗದದ ಮಿಲ್ಲು ನಿಂತ ಮೇಲೆ ಜನ ಊರು ಬಿಟ್ಟರು, ಮಂಚಗಳು ಖಾಲಿಯಾದವು, ನಾನು ಶಿವಮೊಗ್ಗಕ್ಕೆ ಬಂದು ನವುಲೆಯಾಚೆಯ ಈ ಕಾಲೇಜಿಗೆ ಸೇರಿಕೊಂಡೆ. ಮನೆ ಈಗಲೂ ಭದ್ರಾವತಿಯಲ್ಲೇ. ಪಿಎಚ್.ಡಿ. ಇಲ್ಲದ್ದರಿಂದ ನಾನು ಸಾಯುವತನಕ ಸಹಾಯಕಿಯೇ. ಅದರ ಸಿಟ್ಟು ನನಗಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಆದರೆ ಈಗ ಹೇಳಹೊರಟಿರುವುದು ಆ ಸಿಟ್ಟಿನ ವಿಷಯವಲ್ಲ, ಕರಿಯಣ್ಣನವರ ಬಲಗೈಯ ವಿಷಯ.

ಕರಿಯಣ್ಣ ಆಯನೂರು ಕಡೆಯ ರೈತರ ಮನೆಯವರು. ಜಮೀನನ್ನು ತಮ್ಮ ಕೆಂಚಪ್ಪನ ಸುಪರ್ದಿಗೆ ಬಿಟ್ಟು, ಚಿಕ್ಕ ವಯಸ್ಸಿಗೇ ಕಾಗದದ ಮಿಲ್ಲಿಗೆ ಸೇರಿದವರು. ನಿವೃತ್ತಿಯಾದ ಮರುವರ್ಷ ಲಕ್ವ ಹೊಡೆಯಿತು. ಕಾಲು ಹೇಗೋ ಸರಿಹೋಯಿತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿತು: ಮೊಣಕೈ ಮಡಚಿ, ಮಣಿಕಟ್ಟು ಜೋತು, ಹೆಬ್ಬೆರಳು ಅಂಗೈಯೊಳಗೆ ಸಿಕ್ಕಿಕೊಂಡು. ಪಠ್ಯಪುಸ್ತಕದ ಚಿತ್ರ ನೋಡಿಕೊಂಡೇ ಲಕ್ವ ಹೊಡೆದಂತಿತ್ತು. ಅವರನ್ನು ಮೊದಲ ಸಲ ನೋಡಿದ ದಿನ ಉಮಾಮಹೇಶ್ವರ ಸರ್ ಮುಖ ಅರಳಿತ್ತಂತೆ. ಇಂಥ ಒಳ್ಳೆ ಕೇಸು ಸಿಗುವುದಕ್ಕೆ ಪುಣ್ಯ ಮಾಡಿರಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳಿದ್ದರಂತೆ.

ಕೇಸು ಎಂದರೆ ಏನೆಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಒಬ್ಬ ರೋಗಿಯನ್ನು ಕೊಡುತ್ತಾರೆ. ವಿದ್ಯಾರ್ಥಿ ಅವರನ್ನು ಪರೀಕ್ಷಿಸಿ, ಏನು ಕಂಡಿತೆಂದು ಬೇರೆ ಊರಿನಿಂದ ಬಂದ ಪರೀಕ್ಷಕರ ಮುಂದೆ ಹೇಳಬೇಕು. ಅದಕ್ಕೆ ಪುಸ್ತಕದಲ್ಲಿದ್ದಂತೆಯೇ ಇರುವ ರೋಗಿಗಳು ಬೇಕು. ಅರ್ಧ ವಾಸಿಯಾದವರು ಯಾರಿಗೂ ಬೇಡ. ಕರಿಯಣ್ಣ ವರ್ಷವರ್ಷವೂ ಪರೀಕ್ಷೆಗೆ ಬರುತ್ತಿದ್ದರು. ಬಂದು ಬಂದು ತಮ್ಮ ಕಾಯಿಲೆಯನ್ನು ತಾವೇ ಬಾಯಿಪಾಠ ಮಾಡಿಕೊಂಡಿದ್ದರು. ಯಾವುದಾದರೂ ಹುಡುಗಿ ಹೆದರಿ ತಡವರಿಸಿದರೆ, ಟೋನ್ ನೋಡಿಲ್ಲ ಕಣಮ್ಮ, ಸ್ನಾಯು ಎಷ್ಟು ಬಿಗಿ ಅಂತ, ಮೊದ್ಲು ಅದನ್ನ ನೋಡು ಎಂದು ಮೆಲ್ಲಗೆ ಹೇಳಿಕೊಡುತ್ತಿದ್ದರು. ಮಧ್ಯಾಹ್ನ ಕಾಲೇಜಿನ ಊಟ. ಹೊರಡುವಾಗ ಪ್ರೊಫೆಸರ್ ಹೆಗಲ ಮೇಲೆ ಕೈಯಿಟ್ಟು, ನೀವೂ ನಮ್ಮ ಸ್ಟಾಫೇ ಕರಿಯಣ್ಣ ಎನ್ನುತ್ತಿದ್ದರು. ಮಿಲ್ಲಿನಲ್ಲಿ ಅಷ್ಟು ವರ್ಷ ದುಡಿದಾಗ ಯಾವ ಸಾಹೇಬರೂ ಅವರ ಹೆಗಲು ಮುಟ್ಟಿರಲಿಲ್ಲ. ಆ ಕೈಯ ಭಾರವನ್ನು ಅವರು ಭದ್ರಾವತಿಯವರೆಗೂ ಹೊತ್ತುಕೊಂಡು ಹೋಗುತ್ತಿದ್ದರು.

ಚಿಕಿತ್ಸೆ ನಡೆಯುತ್ತಿರಲಿಲ್ಲವೇ ಎಂದರೆ ನಡೆಯುತ್ತಿತ್ತು, ಅದಕ್ಕೆಂದು ಅವರು ವಾರಕ್ಕೊಮ್ಮೆ ಕಾಲೇಜಿಗೆ ಬರುತ್ತಿದ್ದರು. ಆ ವಾರ ಯಾವ ಪಾಠವೋ ವಿದ್ಯಾರ್ಥಿಗಳು ಅದನ್ನು ಅವರ ಕೈಮೇಲೆ ಮಾಡಿ ಹೋಗುತ್ತಿದ್ದರು. ಮುಂದಿನ ವಾರ ಬೇರೆ ಪಾಠ, ಬೇರೆ ಹುಡುಗರು. ಕೈ ಅಲ್ಲೇ ಇತ್ತು, ಕೈಯನ್ನು ಒಂದು ಕೆಲಸ ಮಾಡು ಎಂದು ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಅವರ ಹೆಂಡತಿ ಶಕುಂತಲಮ್ಮ ನನ್ನನ್ನು ಹುಡುಕಿಕೊಂಡು ಮನೆಗೆ ಬಂದರು. ಒಬ್ಬಳೇ ಮಗಳು ಭೂಮಿಕಾಗೆ ಗಂಡು ಗೊತ್ತಾಗಿತ್ತು. ಯುಗಾದಿ ಕಳೆದ ಮೇಲೆ ಮದುವೆ. ಶಕುಂತಲಮ್ಮನ ಚಿಂತೆ ಧಾರೆಯದು. ಅವರಲ್ಲಿ ಹೆಣ್ಣಿನ ತಂದೆ ಬಲಗೈಯಿಂದ ಮಗಳ ಕೈ ಹಿಡಿದು ಗಂಡಿನ ಕೈಯಲ್ಲಿಡಬೇಕು, ತಾಯಿ ಗಿಂಡಿಯಿಂದ ಧಾರೆ ಬಿಡಬೇಕು. ಎಡಗೈ ಆಗುವುದಿಲ್ಲ. ತಂದೆಯ ಕೈಲಾಗದಿದ್ದರೆ ತಾಯಿಯೂ ನಿಲ್ಲುವಂತಿಲ್ಲ, ಚಿಕ್ಕಪ್ಪ ಚಿಕ್ಕಮ್ಮ ಜೋಡಿಯಾಗಿ ನಿಂತು ಎರೆಯಬೇಕು. ಹೆತ್ತವರು ಕೆಳಗೆ ಕುರ್ಚಿಯಲ್ಲಿ ಕೂತು ಬೇರೆಯವರ ಮಗಳ ಮದುವೆ ನೋಡಿದಂತೆ ನೋಡಬೇಕು.

"ಅವರ ಕೈ ಮಗಳ ಕೈ ಹಿಡಿದು ಬಿಡೋವಷ್ಟು ಆದ್ರೆ ಸಾಕು ಮೇಡಂ. ಅನ್ನ ನಾನೇ ಕಲಸಿ ಕೊಡ್ತೀನಿ, ಆಮೇಲೂ" ಎಂದರು ಶಕುಂತಲಮ್ಮ.

ಸಂಜೆ ಬಸ್ಸಿಳಿದು ಅವರ ಮನೆಗೆ ಹೋಗತೊಡಗಿದೆ. ಮಾಡಿದ ಮೊದಲ ಕೆಲಸ ಅವರ ಒಳ್ಳೆಯ ಕೈಯನ್ನು, ಅಂದರೆ ಎಡಗೈಯನ್ನು, ಟವೆಲಿನಲ್ಲಿ ಸುತ್ತಿ ಕಟ್ಟಿದ್ದು. ಎಡಗೈ ಸಿಗದಿದ್ದರೆ ಬಲಗೈ ಸೋಮಾರಿತನ ಬಿಡುತ್ತದೆ. ಲಕ್ವದ ಕೈಗಳಲ್ಲಿ ಎಷ್ಟೋ ಕೈಗಳು ಸತ್ತಿರುವುದಿಲ್ಲ, ಕರೆಯುವವರಿಲ್ಲದೆ ಮಲಗಿರುತ್ತವೆ. ಕರಿಯಣ್ಣ ಬೈದರು. ಮೂಗು ತುರಿಸಿದರೆ ನೀವು ಬಂದು ತುರಿಸ್ತೀರಾ ಎಂದು ಕೇಳಿದರು. ತುರಿಸ್ತೀನಿ ಎಂದೆ. ಮೇಜು ಒರೆಸುವುದು, ಕಡಲೆಬೀಜದ ತಟ್ಟೆ ಸರಿಸುವುದು, ಲೋಟ ಹಿಡಿಯುವುದು. ಹಿಡಿಯುವುದು ಬೇಗ ಬಂತು, ಬಿಡುವುದು ಬರಲಿಲ್ಲ. ಲೋಟ ಹಿಡಿದು ಬಿಡಲಾಗದೆ ಅವರು ಅತ್ತ ದಿನಗಳೂ ಇದ್ದವು. ನಾನೂ ಬೇಸತ್ತು ರೇಗಿದ ದಿನಗಳಿದ್ದವು. ಶಕುಂತಲಮ್ಮ ಇಬ್ಬರಿಗೂ ಕಾಫಿ ಕೊಟ್ಟು ಜಗಳ ಬಿಡಿಸುತ್ತಿದ್ದರು.

ಶಿವರಾತ್ರಿ ಹತ್ತಿರವಾದಾಗ ಒಂದು ಸಂಜೆ ಕರಿಯಣ್ಣ ಮಗಳ ಮಣಿಕಟ್ಟು ಹಿಡಿದರು. ಹಿಡಿದು, ಉಸಿರು ಬಿಟ್ಟು, ಬೆರಳುಗಳನ್ನು ನಿಧಾನವಾಗಿ ತೆರೆದು ಬಿಟ್ಟರು. ಪೂರ್ತಿ ಅಂಗೈ ಅಲ್ಲ, ಮುಕ್ಕಾಲು. ಆದರೆ ಬಿಟ್ಟರು. ಇನ್ನೊಮ್ಮೆ ಮಾಡಿ ಅಪ್ಪ ಎಂದಳು ಭೂಮಿಕಾ. ಇನ್ನೊಮ್ಮೆ ಮಾಡಿದರು. ಶಕುಂತಲಮ್ಮ ಒಳಗೆ ಹೋಗಿ ದೇವರ ದೀಪ ಹಚ್ಚಿ, ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟರು. ನನ್ನ ವೃತ್ತಿಯಲ್ಲಿ ಅಂಥ ಸಂಜೆಗಳು ಕೈಬೆರಳೆಣಿಕೆಯಷ್ಟೇ. ಅವತ್ತು ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯೆನಿಸಿತು.

ಆ ಹೆಮ್ಮೆ ಸುಮ್ಮನಿರಲಿಲ್ಲ. ಮರುದಿನವೇ ಕರಿಯಣ್ಣನವರನ್ನು ಕರೆದುಕೊಂಡು ಹೋಗಿ ಪ್ರೊಫೆಸರ್ ಮುಂದೆ ನಿಲ್ಲಿಸಿದೆ. ಅವರು ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಅವರ ಪಿಎಚ್.ಡಿ. ಪ್ರಬಂಧ ಇರುವುದೇ ಲಕ್ವದ ಕೈಯ ಮೇಲೆ, ಎರಡು ವರ್ಷ ಕಳೆದ ಮೇಲೆ ಬೆರಳು ತೆರೆಯುವುದಿಲ್ಲ ಎಂದು ಅದರಲ್ಲಿ ಸಾಧಿಸಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋದೆ. ಕೈ ಕಣ್ಣೆದುರಿಗೇ ತೆರೆದರೆ ಯಾರು ಇಲ್ಲವೆನ್ನುತ್ತಾರೆ ಎಂಬ ದಡ್ಡ ಧೈರ್ಯ.

ಅವರು ನೋಡಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು. ಇದು ಬೇಕೆಂದು ಮಾಡುವ ಚಲನೆಯಲ್ಲ, ಲಕ್ವದವರು ಆಕಳಿಸಿದಾಗ ಕೈ ತಾನಾಗಿ ಆಡುತ್ತದಲ್ಲ, ಆ ಜಾತಿಯದು, ಇದನ್ನು ನಂಬಿಕೊಂಡು ಮೋಸ ಹೋಗಬಾರದು ಎಂದು ಕರಿಯಣ್ಣನವರಿಗೆ ಬಹಳ ಮೃದುವಾಗಿ ವಿವರಿಸಿದರು. ಪರೀಕ್ಷೆಯ ದಿನ ಇದನ್ನೆಲ್ಲ ತೋರಿಸಬೇಡಿ, ಪಾಪ, ಮಕ್ಕಳಿಗೆ ಗೊಂದಲವಾಗುತ್ತದೆ ಎಂದೂ ಸೇರಿಸಿದರು. ಕರಿಯಣ್ಣ ತಲೆಯಾಡಿಸಿದರು. ಆಮೇಲೆ ಅವರನ್ನು ಹೊರಗೆ ಕಳಿಸಿ ನನ್ನ ಕಡೆ ತಿರುಗಿದರು.

"ಪರೀಕ್ಷೆ ಎದುರಿಗಿದೆ ಸಮತಾ. ಇರೋದೊಂದು ಒಳ್ಳೆ ಕೇಸು. ಹಾಳು ಮಾಡ್ಬೇಡಿ."

ಆ ಮಾತಿಗೆ ಹೇಳಬೇಕಾದ್ದು ನನಗೆ ಬಸ್ಸಿನಲ್ಲಿ ಹೋಗುವಾಗ ಹೊಳೆಯಿತು. ಅಷ್ಟು ಹೊತ್ತಿಗೆ ಬಸ್ಸು ನವುಲೆ ಬಿಟ್ಟು ಬಹಳ ದೂರ ಬಂದಿತ್ತು.

ಪರೀಕ್ಷೆಯ ದಿನ ಕರಿಯಣ್ಣನವರನ್ನು ಕೆಂಚಪ್ಪ ತನ್ನ ಕಾರಿನಲ್ಲಿ ಕರೆತಂದಿದ್ದ. ಒಳ್ಳೆಯ ಮನುಷ್ಯ, ಅಣ್ಣನೆಂದರೆ ಜೀವ. ರೋಗಿಗಳನ್ನು ಕೂರಿಸುವುದು, ಅವರಿಗೆ ನೀರು ಕೊಡುವುದು ನನ್ನ ಜವಾಬ್ದಾರಿ. ಪ್ರಶ್ನೆ ಕೇಳುವವರು ಪ್ರೊಫೆಸರ್ ಮತ್ತು ಹೊರಗಿನಿಂದ ಬಂದ ಪರೀಕ್ಷಕರು. ಕರಿಯಣ್ಣ ಸಿಕ್ಕಿದ್ದು ಕವನಾ ಎಂಬ ಹುಡುಗಿಗೆ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅವಳು ಟೋನ್ ನೋಡಿದಳು, ಕೀಲು ನೋಡಿದಳು, ಕೈಗೆ ಒಂದು ನೀರಿನ ಬಾಟಲಿ ಕೊಟ್ಟು ಬಿಡಿ ಅಂಕಲ್ ಎಂದಳು. ಅಭ್ಯಾಸ ಬಲ, ಕರಿಯಣ್ಣ ಬಿಟ್ಟರು. ಬಿಟ್ಟ ಮೇಲೆ ಕೈಯನ್ನು ಅವಸರವಾಗಿ ಹಿಂದಕ್ಕೆ ಎಳೆದುಕೊಂಡರು. ನಾನು ನಾಲ್ಕು ಮಾರು ದೂರದಲ್ಲಿ ನಿಂತು ನೋಡಿದೆ.

ಅವಳು ಕಂಡದ್ದನ್ನು ಕಂಡಂತೆ ಹೇಳಿದಳು: ಬೆರಳುಗಳು ಮುಕ್ಕಾಲು ಭಾಗ ತೆರೆಯುತ್ತವೆ, ಹಿಡಿದ ವಸ್ತುವನ್ನು ಬೇಕೆಂದಾಗ ಬಿಡಬಲ್ಲರು. ಪ್ರೊಫೆಸರ್ ನಕ್ಕರು. ಪುಸ್ತಕ ಓದಿದ್ದೀಯೋ ಇಲ್ಲವೋ ಎಂದು ಕೇಳಿದರು. ಅವಳು ಓದಿದ್ದೀನಿ ಸರ್, ಆದರೆ ಇವರು ಬಿಟ್ಟರು ಎಂದಳು. ಹೊರಗಿನ ಪರೀಕ್ಷಕರು ಸಭ್ಯರು. ಜಗಳವೇಕೆ, ರೋಗಿಯನ್ನೇ ಕೇಳೋಣ ಎಂದು ಕರಿಯಣ್ಣನವರ ಕಡೆ ಬಾಗಿ, ಒಂದು ಸಲ ಕೈ ತೆರೆಯುತ್ತೀರಾ ಎಂದರು.

ಕರಿಯಣ್ಣ ಪ್ರೊಫೆಸರ್ ಮುಖ ನೋಡಿದರು. ನನ್ನ ಮುಖವನ್ನೂ ನೋಡಿದರು, ಆದರೆ ಬೇಗ ಕಣ್ಣು ತೆಗೆದರು.

"ಆಗಲ್ಲ ಸಾರ್. ಲಕ್ವ ಹೊಡೆದಾಗಿಂದ ಆಗಿಲ್ಲ" ಎಂದರು.

ನಾನು ಮುಂದೆ ಹೋಗಿ, ಆಗುತ್ತದೆ, ನಾನೇ ಚಿಕಿತ್ಸೆ ಕೊಟ್ಟಿದ್ದೇನೆ ಎಂದೆ. ಸಮತಾ ಅವರೇ, ನೀವು ಪರೀಕ್ಷಕರಲ್ಲ ಎಂದರು ಪ್ರೊಫೆಸರ್. ದನಿ ಏರಿಸಲಿಲ್ಲ, ಅವರು ಯಾವತ್ತೂ ದನಿ ಏರಿಸುವವರಲ್ಲ. ಹೊರಗಿನವರು ನನ್ನ ಕಡೆ ಕರುಣೆಯಿಂದ ನೋಡಿ ಪೆನ್ನು ಎತ್ತಿಕೊಂಡರು. ಒಂದು ಕಡೆ ಪ್ರೊಫೆಸರ್ ಮಾತು, ರೋಗಿಯ ಬಾಯಿಯಿಂದಲೇ ಬಂದ ಮಾತು. ಇನ್ನೊಂದು ಕಡೆ ಒಬ್ಬ ವಿದ್ಯಾರ್ಥಿನಿ, ಒಬ್ಬ ಸಹಾಯಕಿ. ಕವನಾ ಫೇಲಾದಳು. ರೋಗಿಯಲ್ಲಿ ಇಲ್ಲದ್ದನ್ನು ಕಲ್ಪಿಸಿಕೊಳ್ಳುವುದು ದೊಡ್ಡ ತಪ್ಪು ಎಂದು ಅವಳಿಗೆ ಬುದ್ಧಿ ಹೇಳಿ ಕಳಿಸಿದರು.

ಇದೆಲ್ಲವನ್ನೂ ಕೆಂಚಪ್ಪ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಿದ್ದ. ಊಟದ ಹೊತ್ತಿಗೆ ವರಾಂಡದಲ್ಲಿ ಪ್ರೊಫೆಸರನ್ನು ತಡೆದು, ಅಣ್ಣನ ಕೈ ಧಾರೆಗೆ ಆದೀತೇ ಎಂದು ಕೈಮುಗಿದು ಕೇಳಿದ. ಪ್ರೊಫೆಸರ್ ನಿಜವಾಗಿ ಮರುಗಿದರು, ಅದರಲ್ಲಿ ನಾಟಕವಿರಲಿಲ್ಲ. ಜನರ ಮಧ್ಯೆ, ಗಡಿಬಿಡಿಯಲ್ಲಿ ಇಂಥ ಕೈ ಇನ್ನೂ ಬಿಗಿಯುತ್ತದೆ, ಹುಡುಗಿಯ ಕೈ ಹಿಡಿದುಕೊಂಡು ಬಿಡಲಾಗದೆ ಹೋದರೆ ಮಂಟಪದಲ್ಲಿ ಅವಮಾನ, ನೀವೇ ನಿಂತು ಮಾಡಿಸಿಬಿಡಿ ಎಂದು ಸಲಹೆ ಕೊಟ್ಟರು. ಕೆಂಚಪ್ಪ ಅಲ್ಲಿಯೇ ಅವರನ್ನು ಮದುವೆಗೆ ಕರೆದ. ಬಂದೇ ಬರುತ್ತೇನೆ ಎಂದರು.

ಆ ಸಂಜೆಯೇ ಕರಿಯಣ್ಣನವರ ಮನೆಗೆ ಹೋದೆ. ಅಷ್ಟರಲ್ಲಿ ಕೆಂಚಪ್ಪನಿಂದ ಸುದ್ದಿ ತಲುಪಿ, ಹಿರಿಯರು ಫೋನಿನಲ್ಲೇ ಮಾತಾಡಿ, ಧಾರೆ ಕೆಂಚಪ್ಪ ದಂಪತಿಗಳದೇ ಎಂದು ನಿಶ್ಚಯವಾಗಿತ್ತು. ಕರಿಯಣ್ಣ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಏಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಜೋರಾಗಿಯೇ ಕೇಳಿದೆ. ಅಷ್ಟು ದೊಡ್ಡ ಮನುಷ್ಯರು ಆಗಲ್ಲ ಎಂದ ಮೇಲೆ, ಎಲ್ಲರೆದುರು ಆಗುತ್ತದೆ ಎಂದು ಅವರ ಮುಖಕ್ಕೆ ಹೊಡೆದ ಹಾಗೆ ಹೇಗೆ ಹೇಳಲಿ ಎಂದರು. ಅವರು ಹೇಳಿದ್ದು ಸುಳ್ಳು, ನಿಮ್ಮ ಕೈ ನಿಮಗೆ ಗೊತ್ತಿಲ್ಲವೇ ಎಂದೆ. ಉತ್ತರ ಕೊಟ್ಟವರು ಶಕುಂತಲಮ್ಮ.

"ಅವ್ರು ಅಷ್ಟು ಓದಿದೋರು ಮೇಡಂ. ನಾವು ಕಣ್ಣಲ್ಲಿ ನೋಡಿದ್ದೇ ಸುಳ್ಳಿರ್ಬೋದೇನೋ."

ನನ್ನನ್ನು ನೋಯಿಸಬೇಕೆಂದು ಹೇಳಿದ ಮಾತಲ್ಲ ಅದು. ಅದಕ್ಕೇ ಅಷ್ಟು ನೋಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಬೇರೆಯವರ ವಿಷಯದಲ್ಲಿ ನಾನೂ ಎಷ್ಟೋ ಸಲ ಹೇಳಿ ನಕ್ಕಿದ್ದೇನೆ. ಗಿಡವಾಗಿ ನಿಂತು ಕೇಳಿಸಿಕೊಳ್ಳುವುದು ಅದೇ ಮೊದಲು. ಧಾರೆಗೆ ಮುಂಚೆ ಕೆಂಚಪ್ಪನಿಗೆ ಒಂದು ಸಲ ಕೈ ತೆರೆದು ತೋರಿಸಿ, ಅಷ್ಟು ಸಾಕು ಎಂದು ಕರಿಯಣ್ಣನವರಿಗೆ ಹೇಳಿ ಬಂದೆ. ತೋರಿಸಿದರೆ, ಹಾಗಾದರೆ ಪರೀಕ್ಷೆಯಲ್ಲಿ ಸುಳ್ಳು ಹೇಳಿದೆಯಾ ಅಣ್ಣ ಎಂದು ಅವನು ಕೇಳುತ್ತಾನೆ. ಆ ಹುಡುಗಿ ಫೇಲಾದದ್ದನ್ನೂ ಅವನು ನೋಡಿದ್ದಾನೆ. ಇದು ನನಗೆ ಹೊಳೆಯಲಿಲ್ಲ, ಕರಿಯಣ್ಣನವರಿಗೆ ಹೊಳೆದಿತ್ತು.

ಮದುವೆ ಭದ್ರಾವತಿಯ ಒಂದು ಕಲ್ಯಾಣ ಮಂಟಪದಲ್ಲಿ. ಪ್ರೊಫೆಸರ್ ಉಮಾಮಹೇಶ್ವರ ಹೇಳಿದ ಹಾಗೆ ಬಂದರು. ಕೆಂಚಪ್ಪ ಬಾಗಿಲಿಗೇ ಹೋಗಿ ಎದುರುಗೊಂಡು, ಪನ್ನೀರು ಹಾಕಿಸಿ, ಮುಂದಿನ ಸಾಲಿನ ಮಧ್ಯದ ಸೋಫಾದಲ್ಲಿ ಕೂರಿಸಿದ. ಬೀಗರ ಕಡೆಯ ಹಿರಿಯರಿಗೆ, ಇವರು ಎಂಥ ಡಾಕ್ಟರು ಗೊತ್ತಾ ಮಾರಾಯ್ರೆ, ಅಣ್ಣನನ್ನ ನೋಡೋರು ಇವರೇ ಎಂದು ಪರಿಚಯ ಮಾಡಿಸಿದ. ಅವರ ಓದಿನ ಆರು ಸಾಲಿನಲ್ಲಿ ನಾಲ್ಕನ್ನಾದರೂ ಅವನು ಹೇಗೋ ತಿಳಿದುಕೊಂಡಿದ್ದ. ನಾನು ಕಂಬದ ಪಕ್ಕ, ಹೆಂಗಸರ ಸಾಲಿನಲ್ಲಿ ಕೂತೆ.

ಕರಿಯಣ್ಣ ಮತ್ತು ಶಕುಂತಲಮ್ಮನಿಗೆ ಮಂಟಪದ ಮೆಟ್ಟಿಲ ಪಕ್ಕ ಎರಡು ಕುರ್ಚಿ ಹಾಕಿದ್ದರು. ಕರಿಯಣ್ಣ ಹೊಸ ಪಂಚೆ ಉಟ್ಟು, ಜರಿ ಶಲ್ಯ ಹೊದ್ದು, ಬಲಗೈಯನ್ನು ಅದರೊಳಗೆ ಇಟ್ಟುಕೊಂಡಿದ್ದರು. ಶಕುಂತಲಮ್ಮ ರೇಷ್ಮೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. ಮುಹೂರ್ತ ಬಂತು. ಕೆಂಚಪ್ಪನ ಹೆಂಡತಿ ಗಿಂಡಿ ಎತ್ತಿಕೊಂಡಳು. ಪುರೋಹಿತರು ಹೆಣ್ಣಿನ ಕೈ ಹಿಡಿಯಿರಿ ಎಂದಾಗ ಭೂಮಿಕಾ ಚಿಕ್ಕಪ್ಪನಿಗೆ ಕೈ ಕೊಡದೆ ಅಪ್ಪನ ಕಡೆ ನೋಡಿದಳು. ಎಲ್ಲರಿಗೂ ಕಾಣುವಂತೆ ನೋಡಿದಳು.

ನಾನು ಎದ್ದೆ. ಯಾರು ಏನೆಂದುಕೊಂಡರೂ ಸರಿ ಎಂದು ಮುಂದೆ ಹೋಗಿ, ಕರಿಯಣ್ಣನವರ ಕುರ್ಚಿಯ ಹತ್ತಿರ ಬಗ್ಗಿ, ಏಳಿ, ಹೋಗಿ, ಅವಳು ಕಾಯುತ್ತಿದ್ದಾಳೆ ಎಂದೆ. ಅವರು ಅರ್ಧ ಎದ್ದರು. ಶಲ್ಯದ ಒಳಗಿಂದ ಕೈ ಹೊರಗೆ ಬಂತು. ಬೆರಳುಗಳು ಬಿಚ್ಚಿಕೊಳ್ಳುತ್ತಿದ್ದುದನ್ನು ನಾನು ನನ್ನ ಕಣ್ಣಾರೆ ಕಂಡೆ. ಆಗ ಅವರ ದೃಷ್ಟಿ ನನ್ನನ್ನು ದಾಟಿ ಮುಂದಿನ ಸಾಲಿನ ಸೋಫಾಕ್ಕೆ ಹೋಯಿತು. ಪ್ರೊಫೆಸರ್ ಅವರಿಗೆ ಧೈರ್ಯ ಕೊಡುವಂತೆ ಸಣ್ಣಗೆ ತಲೆಯಾಡಿಸಿ, ಕೂತುಕೊಳ್ಳಿ, ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿದರು.

"ಬೇಡಿ ಮೇಡಂ. ಸಾರ್ ನೋಡ್ತಿದಾರೆ" ಎಂದು ಕರಿಯಣ್ಣ ಕೂತುಬಿಟ್ಟರು.

ಗಟ್ಟಿಮೇಳ ಮೊದಲಾಯಿತು. ಕೆಂಚಪ್ಪ ಹುಡುಗಿಯ ಕೈ ಹಿಡಿದು ಹುಡುಗನ ಕೈಯಲ್ಲಿಟ್ಟ. ಅವನ ಹೆಂಡತಿ ಧಾರೆ ಬಿಟ್ಟಳು. ಶಕುಂತಲಮ್ಮ ಅಕ್ಷತೆ ಹಾಕಲು ಎಲ್ಲರ ಹಿಂದೆ ಸಾಲಿನಲ್ಲಿ ನಿಂತರು. ನಾನು ಕಂಬದ ಹತ್ತಿರ ವಾಪಸು ಬಂದೆ, ಕೈಯಲ್ಲಿದ್ದ ಅಕ್ಷತೆಯನ್ನು ಯಾವಾಗ ಹಾಕಿದೆನೋ ನೆನಪಿಲ್ಲ.

ಪ್ರೊಫೆಸರ್ ಊಟ ಮುಗಿಸಿ ಬೇಗ ಹೊರಟರು. ಕರಿಯಣ್ಣ ಎಡಗೈಯನ್ನು ಹಣೆಗೆ ಮುಟ್ಟಿಸಿ ಬೀಳ್ಕೊಟ್ಟರು, ಕೆಂಚಪ್ಪ ತಾಂಬೂಲದ ಚೀಲ ಕೊಟ್ಟು ಕಾರಿನವರೆಗೂ ಹೋದ. ನನಗೆ ಊಟ ಸೇರಲಿಲ್ಲ. ಹೇಳದೆ ಹೋಗುವುದು ಸರಿಯಲ್ಲವೆಂದು ಬಾಗಿಲ ಬಳಿ ಬಂದರೆ ತಾಂಬೂಲದ ಮೇಜಿನ ಹತ್ತಿರ ಕರಿಯಣ್ಣ ಒಬ್ಬರೇ ಕೂತಿದ್ದರು. ಉಳಿದವರೆಲ್ಲ ಕೊನೆಯ ಪಂಕ್ತಿಗೆ ಹೋಗಿದ್ದರು. ಬರ್ತೀನಿ ಎಂದೆ. ಅವರು ಎದ್ದರು. ಶಲ್ಯ ಸರಿಸಿ, ಬಲಗೈ ಚಾಚಿ, ರಾಶಿಯಿಂದ ಒಂದು ತೆಂಗಿನಕಾಯಿ ಎತ್ತಿದರು. ತಾಂಬೂಲವನ್ನು ಎಡಗೈಯಲ್ಲಿ ಕೊಡಬಾರದಲ್ಲ. ಕಾಯಿಯನ್ನು ನಾನು ಒಡ್ಡಿದ ಸೆರಗಿನ ಮೇಲೆ ತಂದು, ಬೆರಳುಗಳನ್ನು ತೆರೆದು ಬಿಟ್ಟರು. ಒಂದಿಷ್ಟೂ ನಡುಗಲಿಲ್ಲ. ಇಷ್ಟು ಚೆನ್ನಾಗಿ ಅವರು ನನ್ನ ಮುಂದೆ ಯಾವತ್ತೂ ಮಾಡಿರಲಿಲ್ಲ. ಅಳು ಬರಲಿಲ್ಲ ನನಗೆ, ಆ ಕಾಯಿಯನ್ನು ನೆಲಕ್ಕೆ ಅಪ್ಪಳಿಸುವಷ್ಟು ಸಿಟ್ಟು ಬಂತು.

"ಸಿಟ್ಟು ಮಾಡ್ಕೋಬೇಡಿ ಮೇಡಂ. ನೀವು ನಮ್ಮೋರು, ನಿಮಗೆ ಗೊತ್ತಲ್ಲ, ಅಷ್ಟು ಸಾಕು" ಎಂದರು. ಆಮೇಲೆ ಮುಖದಲ್ಲಿ ಒಂದಿಷ್ಟು ಕಳೆ ತಂದುಕೊಂಡು ಹೇಳಿದರು: "ಆ ಫೇಲಾದ ಹುಡುಗಿಗೆ ಮತ್ತೆ ಪರೀಕ್ಷೆ ಇದೆಯಂತಲ್ಲ. ಸಾರ್ ಈಗ ಹೋಗೋವಾಗ ನನ್ನನ್ನೇ ಬರಕ್ಕೆ ಹೇಳಿದಾರೆ."

ಹೊರಗೆ ಕೆಂಚಪ್ಪ ವಾಪಸು ಬರುತ್ತಿರುವ ಸದ್ದಾಯಿತು. ಕರಿಯಣ್ಣ ಹೆಬ್ಬೆರಳನ್ನು ಅಂಗೈಯೊಳಗೆ ಇಟ್ಟುಕೊಂಡು, ಅದರ ಮೇಲೆ ನಾಲ್ಕು ಬೆರಳನ್ನೂ ಮಡಚಿ, ಕೈಯನ್ನು ಎದೆಗೆ ತಂದುಕೊಂಡರು.